ಪುಸ್ತಕ ಓದಿ ಕೂಡಿಸಿದ ಹಣ ವರ್ಷಗಟ್ಟಲೆಯ ಕಾಯಿಲೆಗೆ ಸಾಲುತ್ತದೆಯೇ?

ಊರಿನಲ್ಲಿ ಯಾರಿಗೋ ದೊಡ್ಡ ಕಾಯಿಲೆ ಎಂದು ಗೊತ್ತಾದ ಮೊದಲ ವಾರ ದುಡ್ಡು ಹೇಗೋ ಒದಗುತ್ತದೆ. ನೆಂಟರು ಕೈಲಾದಷ್ಟು ಕೊಡುತ್ತಾರೆ, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಹುಟ್ಟುತ್ತದೆ, ಗೆಳೆಯರು ವಾಟ್ಸಾಪ್‌ನಲ್ಲಿ ಫೋಟೊ ಮತ್ತು ಕ್ಯೂಆರ್ ಕೋಡ್ ಹಂಚುತ್ತಾರೆ. ಆರು ತಿಂಗಳಾದ ಮೇಲೆ ಕಾಯಿಲೆ ಇದ್ದಲ್ಲೇ ಇರುತ್ತದೆ, ಕೇಳುವವರು ಕಡಿಮೆಯಾಗಿರುತ್ತಾರೆ. ಎರಡು ವರ್ಷ ಕಳೆದರೆ ಮನೆಯವರು ಹಾಲು ಕರೆಯುವ ಹಸು ಮಾರುವ ಯೋಚನೆಯಲ್ಲಿರುತ್ತಾರೆ.

ಇದಕ್ಕೆ ಜನರ ಮನಸ್ಸು ಕಲ್ಲಾಗಿರುವುದು ಕಾರಣವಲ್ಲ. ನಾವು ಹಣ ಕೂಡಿಸುವ ರೀತಿ ಅಪಘಾತ, ಆಪರೇಷನ್, ಸಾವಿನಂಥ ಒಂದು ಸಲದ ಆಪತ್ತಿಗೆ ಹೊಂದುವಂಥದ್ದು. ವರ್ಷಗಟ್ಟಲೆ ಜೊತೆಗೇ ಇರುವ ಕಾಯಿಲೆಯ ಖರ್ಚು ಬೇರೆ ಥರದ್ದು. ಹೊರದೇಶಗಳಲ್ಲಿ ಇಂಥ ಕಾಯಿಲೆಗಳಿಗಾಗಿ ಶಾಲಾಮಕ್ಕಳು ಪುಸ್ತಕ ಓದಿ ಹಣ ಕೂಡಿಸುವ ಒಂದು ಪದ್ಧತಿ ಇದೆ, ಹೆಸರು 'ರೀಡಥಾನ್'. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಕಡೆ ಅದನ್ನು ಮಾಡಿದರೆ ನಿಜವಾಗಿ ಎಷ್ಟು ಉಪಯೋಗ, ಎಲ್ಲಿ ಎಡವಬಹುದು ಎಂದು ನೋಡೋಣ.

ರೀಡಥಾನ್ ಅಂದರೆ ಏನು?

ಮ್ಯಾರಥಾನ್ ಓಟಗಾರರು 'ನಾನು ಓಡುವ ಪ್ರತಿ ಮೈಲಿಗೆ ಇಷ್ಟು ಕೊಡಿ' ಎಂದು ಪರಿಚಯದವರಿಂದ ಮಾತು ತೆಗೆದುಕೊಂಡು ಹಣ ಕೂಡಿಸುತ್ತಾರಲ್ಲ, ಇದೂ ಹಾಗೆಯೇ. ಮಗು ಒಂದು ಫಾರಂ ಹಿಡಿದು ಅಜ್ಜ, ಅತ್ತೆ, ಪಕ್ಕದ ಮನೆಯವರ ಹತ್ತಿರ ಹೋಗುತ್ತದೆ. 'ಈ ತಿಂಗಳು ನಾನು ಓದುವ ಪ್ರತಿ ಪುಸ್ತಕಕ್ಕೆ ಹತ್ತು ರೂಪಾಯಿ ಕೊಡುತ್ತೀರಾ?' ಒಪ್ಪಿದವರು ಹೆಸರು ಬರೆಯುತ್ತಾರೆ. ತಿಂಗಳ ಕೊನೆಗೆ ಮೇಷ್ಟ್ರು ಅಥವಾ ತಾಯಿ, ಓದಿದ್ದು ನಿಜ ಎಂದು ಸಹಿ ಹಾಕುತ್ತಾರೆ. ಹಣ ಒಟ್ಟಾಗಿ ಒಂದು ಸಂಸ್ಥೆಗೆ ಹೋಗುತ್ತದೆ.

ಆಸ್ಟ್ರೇಲಿಯಾ ಮತ್ತು ಐರ್ಲೆಂಡಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಹೆಸರಿನಲ್ಲೇ ಇದು ದಶಕಗಳಿಂದ ನಡೆದುಕೊಂಡು ಬಂದಿದೆ. ಬ್ರಿಟನ್ನಿನಲ್ಲಿ 1984ರಲ್ಲಿ ಶುರುವಾದ ರೀಡಥಾನ್ ತೀವ್ರ ಕಾಯಿಲೆಯ ಮಕ್ಕಳಿಗಾಗಿ ಹಣ ಕೂಡಿಸಿತು. ಮಕ್ಕಳ ಕಥೆಗಾರ ರೋಲ್ಡ್ ಡಾಲ್ ಅದರ ಬೆನ್ನಿಗೆ ನಿಂತಿದ್ದರು.

ಮನರಂಜನೆ ಕೊಟ್ಟು ಹಣ ಕೂಡಿಸುವುದು ನಮಗೆ ಹೊಸದೇನಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಕಷ್ಟದಲ್ಲಿರುವ ಕಲಾವಿದರಿಗಾಗಿ ಬೆನಿಫಿಟ್ ನಾಟಕ ಆಡುತ್ತಿದ್ದರು. ಉಡುಪಿಯ ಕೂಲಿ ಕಾರ್ಮಿಕ ರವಿ ಕಟಪಾಡಿ ಕೃಷ್ಣಾಷ್ಟಮಿಗೆ ವಿಚಿತ್ರ ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಲಕ್ಷಗಟ್ಟಲೆ ಕೂಡಿಸಿ ಹೆಸರಾದವರು. ರೀಡಥಾನಿನಲ್ಲಿ ವೇಷದ ಬದಲು ಪುಸ್ತಕ, ಅಷ್ಟೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಉದಾಹರಣೆ

ಓದಿನ ನಿಧಿಗೂ ಈ ಕಾಯಿಲೆಗೂ ಹಳೆಯ ನಂಟು ಇರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೋರ್‌ವೆಲ್ ಮೋಟಾರಿಗೆ ಹೋಗುವ ಕೇಬಲ್ ಮೇಲೆ ರಬ್ಬರಿನ ಹೊದಿಕೆ ಇರುತ್ತದೆ. ನಮ್ಮ ಮೆದುಳು ಮತ್ತು ಬೆನ್ನುಹುರಿಯ ನರಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಈ ಹೊದಿಕೆಯನ್ನೇ ಕೆರೆದುಹಾಕುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ಹೊದಿಕೆ ಹರಿದ ಕಡೆ ಸಂದೇಶ ಸರಿಯಾಗಿ ದಾಟುವುದಿಲ್ಲ. ಒಂದು ಕಣ್ಣು ಮಂಜಾಗಬಹುದು, ಕಾಲು ಜೋಮು ಹಿಡಿಯಬಹುದು, ನಡಿಗೆ ತೂರಾಡಬಹುದು, ವಿಪರೀತ ಸುಸ್ತಾಗಬಹುದು. ಬಿಸಿಲಿನಲ್ಲಿ ಇವೆಲ್ಲ ಹೆಚ್ಚಾಗುತ್ತವೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿಗೆ ಇದಿದೆ. ಅಂಟುರೋಗವಲ್ಲ. ಹಿಂದಿನ ಜನ್ಮದ ಕರ್ಮವೂ ಅಲ್ಲ. ಚಳಿ ದೇಶಗಳಲ್ಲಿ ಹೆಚ್ಚು ಎಂಬುದು ನಿಜ, ಆದರೆ ನಮ್ಮಲ್ಲಿಲ್ಲ ಎಂಬುದು ಸುಳ್ಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ 1985ರಿಂದ ಕೆಲಸ ಮಾಡುತ್ತಿದೆ, ಬೆಂಗಳೂರಿನಲ್ಲೂ ಅದರ ಶಾಖೆ ಇದೆ.

ಕೋಲಾರದ ಕಡೆಯವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಈ ಜಿಲ್ಲೆಯ ಆಳದ ಬೋರ್‌ವೆಲ್‌ಗಳ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಅಂಶ, ಸುರಕ್ಷಿತ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿದೆ. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುವುದಲ್ಲದೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಬೆಳೆದ ಮೂಳೆ ಬೆನ್ನುಹುರಿಯನ್ನು ಒತ್ತಿದರೆ ಕಾಲಿನ ಬಲವೂ ಕುಂದುತ್ತದೆ. ಹಾಗಾಗಿ ಯಾರದಾದರೂ ಕಾಲು ಸೋತರೆ 'ನೀರಿನ ದೋಷ' ಎಂದು ಸುಮ್ಮನಾಗುವುದು ಇಲ್ಲಿ ಸುಲಭ. ಆದರೆ ಯುವತಿಯೊಬ್ಬಳ ಒಂದು ಕಣ್ಣು ದಿಢೀರನೆ ಮಂಜಾಗಿ ಕೆಲವು ವಾರಗಳಲ್ಲಿ ಸರಿಹೋದರೆ, ಕಾಲಿನ ಜೋಮು ಬಂದು ಹೋಗುತ್ತಿದ್ದರೆ, ಅದು ಫ್ಲೋರೈಡಿನ ಲಕ್ಷಣವಲ್ಲ. ನರರೋಗ ತಜ್ಞರನ್ನು ಕಾಣಬೇಕು. ಎಕ್ಸ್‌ರೇ ಮತ್ತು ಎಂಆರ್‌ಐ ಇವೆರಡರ ವ್ಯತ್ಯಾಸವನ್ನು ತೋರಿಸುತ್ತವೆ.

ಈಗ ಹಣದ ಪ್ರಶ್ನೆಗೆ ಬರೋಣ. ಬಹಳ ಮಂದಿಯಲ್ಲಿ ಈ ಕಾಯಿಲೆ ಅಲೆಯಂತೆ ಬರುತ್ತದೆ: ಒಮ್ಮೆ ಕೆರಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಶಾಂತವಾಗಿರುತ್ತದೆ. ಗುಣಪಡಿಸುವ ಔಷಧಿ ಇಲ್ಲ, ಆದರೆ ಮುಂದಿನ ಅಲೆಯನ್ನು ತಡೆಯುವ ಔಷಧಿಗಳಿವೆ. ಅವುಗಳಲ್ಲಿ ಕೆಲವು ನಮ್ಮ ದೇಶದಲ್ಲಿ ಜೆನೆರಿಕ್ ರೂಪದಲ್ಲೂ ಸಿಗುತ್ತವೆ. ಅವನ್ನು ತೆಗೆದುಕೊಳ್ಳಬೇಕಾದ್ದು ಶಾಂತವಾಗಿರುವಾಗಲೇ. ಜನ ಕರಗಿ ಹಣ ಕೊಡುವುದು ಮಾತ್ರ ರೋಗಿ ಮಂಚ ಹಿಡಿದಾಗ. ನಡೆದಾಡಿಕೊಂಡು, ನಗುತ್ತಾ, ಮದುವೆಗೆ ಬಂದ ಹೆಂಗಸಿಗೆ ಔಷಧಿಗೆಂದು ಯಾರು ದುಡ್ಡು ಕೊಡುತ್ತಾರೆ? ಮನೆಯವರಿಗೇ 'ಈಗ ಚೆನ್ನಾಗಿದ್ದಾಳಲ್ಲ, ಮಾತ್ರೆ ನಿಲ್ಲಿಸೋಣ' ಅನ್ನಿಸುತ್ತದೆ. ನಿಲ್ಲಿಸುತ್ತಾರೆ. ಮುಂದಿನ ಅಲೆ ಬಿಟ್ಟುಹೋಗುವ ನಷ್ಟ ಹಲವು ಸಲ ಪೂರ್ತಿ ಭರ್ತಿಯಾಗುವುದಿಲ್ಲ.

ಮೂರ್ಛೆರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೀಮೋಫಿಲಿಯಾಗಳ ಕಥೆಯೂ ಹೆಚ್ಚುಕಡಿಮೆ ಇದೇ. ಖರ್ಚು ಬರುವುದು ಏನೂ ಕಾಣಿಸದ ತಿಂಗಳುಗಳಲ್ಲಿ. ರೀಡಥಾನ್‌ನಂಥ ಸಂಗ್ರಹ ನೆರವಿಗೆ ಬರಬಹುದಾದ ಜಾಗ ಇದು. ಅದು ಯಾರೋ ಸಾಯುತ್ತಿದ್ದಾರೆ ಎಂಬ ಕಾರಣಕ್ಕೆ ನಡೆಯುವುದಿಲ್ಲ, ಜುಲೈ ಬಂತು ಎಂಬ ಕಾರಣಕ್ಕೆ ನಡೆಯುತ್ತದೆ. ಕ್ಯಾಲೆಂಡರಿಗೆ ಅಂಟಿಕೊಂಡ ಸಂಗ್ರಹ ಅದು, ನಮ್ಮ ಚೀಟಿ ವ್ಯವಹಾರದ ಹಾಗೆ.

ಲೆಕ್ಕ ಹಾಕಿ ನೋಡೋಣ

ಒಂದು ಶಾಲೆಯ 40 ಮಕ್ಕಳು ಓದುತ್ತಾರೆ, ತಲಾ ಮೂವರು ದಾನಿಗಳು, ಒಬ್ಬೊಬ್ಬರಿಂದ 50 ರೂಪಾಯಿ ಎಂದುಕೊಳ್ಳಿ. ಒಟ್ಟು 6,000 ರೂಪಾಯಿ. ಒಬ್ಬ ರೋಗಿಯ ಮನೆಗೆ ಸರ್ಕಾರದ ನೆರವೆಲ್ಲ ಕಳೆದು ತಿಂಗಳಿಗೆ 2,000 ರೂಪಾಯಿ ಕಡಿಮೆ ಬೀಳುತ್ತದೆ ಎಂದಿಟ್ಟುಕೊಂಡರೆ ಇದು ಮೂರು ತಿಂಗಳಿಗೆ ಬರುತ್ತದೆ. ಹತ್ತು ಶಾಲೆಗಳು ಸೇರಿದರೆ 60,000. ಇಬ್ಬರು ರೋಗಿಗಳಿಗೆ ಇಡೀ ವರ್ಷ ಕೊಟ್ಟು 12,000 ಉಳಿಯುತ್ತದೆ.

ಲಕ್ಷಗಟ್ಟಲೆ ಬೇಕಾಗುವ ಚಿಕಿತ್ಸೆಗೆ ಇದು ಎಲ್ಲಿಗೂ ಸಾಲದು. ಹಾಗೆ ಸಾಲುತ್ತದೆಂದು ಮಕ್ಕಳಿಗೆ ಹೇಳುವುದೂ ತಪ್ಪು. ಹಾಗಾಗಿ ದೊಡ್ಡ ಖರ್ಚನ್ನು ಎಲ್ಲಿಂದ ತರಬೇಕೋ ಅಲ್ಲಿಂದಲೇ ತಂದು, ಓದಿನ ಹಣವನ್ನು ನಡುವಿನ ಕಂದಕ ತುಂಬಲು ಇಟ್ಟುಕೊಳ್ಳಬೇಕು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳು ತಿಂಗಳು ಅಂಗಡಿಯಲ್ಲಿ ಕೊಳ್ಳುವ ಮಾತ್ರೆ ಅದರ ಕೈಗೆ ಸಿಗುವುದಿಲ್ಲ. ಮೂತ್ರಪಿಂಡ ಸೋತವರಿಗೆ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ, ಬಡವರಿಗೆ ಡಯಾಲಿಸಿಸ್ ಉಚಿತ. ಆದರೆ ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156 ಸಲ. ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ, ಜೊತೆಗೆ ಹೋಗಿಬರುವ ದಾರಿ, ಜೊತೆಗೆ ಬಂದವರ ಒಂದು ದಿನದ ಕೂಲಿ. ಯಂತ್ರದ ಬಿಲ್ಲು ಸೊನ್ನೆಯಾದರೂ ಮನೆಯ ಬಿಲ್ಲು ಸೊನ್ನೆಯಾಗುವುದಿಲ್ಲ.

ದಾರಿಖರ್ಚಿನಲ್ಲೂ ಬಿಟ್ಟುಹೋಗುವ ಸವಲತ್ತುಗಳಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮುಳಬಾಗಿಲಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವ ರೋಗಿ ಹೆಣ್ಣಾದರೆ ಅವಳ ಬಸ್ ಚಾರ್ಜು ಉಳಿಯಿತು, ಜೊತೆಗೆ ಹೋಗುವ ಗಂಡನದ್ದು ಮಾತ್ರ ಉಳಿಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್‌ಸನ್ಸ್, ಹೀಮೋಫಿಲಿಯಾ, ಥಲಸೀಮಿಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಕುಂಟು, ಕುರುಡು ಮಾತ್ರ ಅಂಗವೈಕಲ್ಯ ಎಂದುಕೊಂಡು ಅರ್ಜಿಯನ್ನೇ ಹಾಕದವರು ಬಹಳ. ಯುಡಿಐಡಿ ಕಾರ್ಡು ಮಾಡಿಸಿಕೊಂಡರೆ, ವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಮತ್ತು ರಿಯಾಯಿತಿ ಬಸ್ ಪಾಸಿಗೆ ದಾರಿಯಾಗುತ್ತದೆ. ಜನೌಷಧಿ ಅಂಗಡಿಯಲ್ಲಿ ಒಮ್ಮೆ ಚೀಟಿ ತೋರಿಸಿ ಕೇಳುವುದೂ ಲಾಭ.

ಇಷ್ಟೆಲ್ಲ ಆದ ಮೇಲೆ ಉಳಿಯುವ ಮಾತ್ರೆ, ಫಿಸಿಯೋಥೆರಪಿ, ಹೋದ ಕೂಲಿ, ಆಟೋ ಬಾಡಿಗೆಗಳಿಗೆ ಯಾವ ಯೋಜನೆಯೂ ಇಲ್ಲ. ಮೇಲಿನ ಲೆಕ್ಕದ 2,000 ರೂಪಾಯಿ ಅಂದರೆ ಇದು. ನನ್ನನ್ನು ಕೇಳಿದರೆ, ಒಂದು ಶಾಲೆ ಈ ಅರ್ಜಿಗಳನ್ನು ತುಂಬಿಸಿಕೊಡಲು ಒಬ್ಬ ಮೇಷ್ಟ್ರನ್ನು ಬಿಟ್ಟರೆ ಅದು ಓದಿನ ನಿಧಿಗಿಂತ ಹೆಚ್ಚು ದುಡ್ಡು ತರುತ್ತದೆ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ರೋಗಿಯ ಫೋಟೊ ಹಾಕಲೇಬೇಕೇ?

ಹಾಕಿದರೆ ಹೆಚ್ಚು ಹಣ ಬರುತ್ತದೆ ಎಂಬುದಕ್ಕೆ ಪುರಾವೆ ಇದೆ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಭಾಗವಹಿಸಿದವರ ಕೈಯಲ್ಲಿ 5 ಡಾಲರ್ ಇತ್ತು. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು, ಒಬ್ಬ ಬಾಲಕಿಯ ಹೆಸರು ಮತ್ತು ಕಥೆ ಓದಿದವರು 2.38 ಡಾಲರ್ ಕೊಟ್ಟರು. ಇನ್ನೂ ವಿಚಿತ್ರವೆಂದರೆ, ಬಾಲಕಿಯ ಕಥೆಯ ಜೊತೆ ಅಂಕಿಅಂಶವನ್ನೂ ಸೇರಿಸಿದಾಗ ಕೊಟ್ಟದ್ದು 1.43 ಡಾಲರಿಗೆ ಇಳಿಯಿತು. ನಮ್ಮ ಮನಸ್ಸು ಒಂದು ಮುಖಕ್ಕೆ ಕರಗುತ್ತದೆ, ಲೆಕ್ಕಕ್ಕೆ ಕರಗುವುದಿಲ್ಲ.

ಆದರೂ ತಾಲ್ಲೂಕು ಕೇಂದ್ರದಂಥ ಊರಿನಲ್ಲಿ ಫೋಟೊ ಬೇಡ ಎಂದೇ ನನ್ನ ಅಭಿಪ್ರಾಯ. ಆ ಪ್ರಯೋಗದಲ್ಲಿ ಬಾಲಕಿ ಸಮುದ್ರದಾಚೆ ಇದ್ದಳು. ಇಲ್ಲಿ ರೋಗಿಯ ಮಗ ಅದೇ ಶಾಲೆಯ ಏಳನೇ ತರಗತಿಯಲ್ಲಿರುತ್ತಾನೆ. ಮಗಳಿಗೆ ನಾಳೆ ಗಂಡು ನೋಡಬೇಕು. ವಾಟ್ಸಾಪಿಗೆ ಹಾಕಿದ ಫೋಟೊ ಹಿಂದಕ್ಕೆ ಬರುವುದಿಲ್ಲ, ಬೇರೆ ಯಾರದೋ ಕ್ಯೂಆರ್ ಕೋಡ್ ಅಂಟಿಸಿಕೊಂಡು ಎರಡು ವರ್ಷದ ಮೇಲೂ ಸುತ್ತುತ್ತಿರುತ್ತದೆ. ಕಾಯಿಲೆಯ ಬಗ್ಗೆ ಮಕ್ಕಳಿಗೆ ಚೆನ್ನಾಗಿ ವಿವರಿಸಿ, ಹಣವನ್ನು ಹೆಸರಿಲ್ಲದ ಒಂದು ಸಾಮಾನ್ಯ ನಿಧಿಗೆ ಹಾಕಿದರೆ ಸಂಗ್ರಹ ಸ್ವಲ್ಪ ಕಡಿಮೆಯಾದೀತು. ಆಗಲಿ. ಊರಲ್ಲಿ ತಲೆಯೆತ್ತಿ ತಿರುಗಾಡುವುದು ರೋಗಿಯ ಮನೆಯವರಿಗೆ ಆ ಹಣದಷ್ಟೇ ಬೇಕಾದದ್ದು.

ಸಾಮಾನ್ಯ ನಿಧಿ ಎಂದರೆ ನೋಂದಾಯಿತ ಟ್ರಸ್ಟ್ ಅಥವಾ ಸಂಘದ ಖಾತೆ. ಮೇಷ್ಟ್ರ ಫೋನ್‌ಪೇ ಬೇಡ, ರೋಗಿಯ ಅಣ್ಣನ ಖಾತೆಯೂ ಬೇಡ. ಇದರಲ್ಲಿ ಆದಾಯ ತೆರಿಗೆಯ ಪ್ರಶ್ನೆಯೂ ಇದೆ. 80ಜಿ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ವಿನಾಯಿತಿ ಕೇಳಬಹುದು, ನಗದಾದರೆ 2,000 ರೂಪಾಯಿವರೆಗೆ ಮಾತ್ರ. ನೇರವಾಗಿ ರೋಗಿಯ ಕೈಗೆ ಕೊಟ್ಟದ್ದಕ್ಕೆ ಆ ವಿನಾಯಿತಿ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ನೆಂಟರಲ್ಲದವರಿಂದ ಒಬ್ಬರ ಖಾತೆಗೆ ಒಂದು ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಉಡುಗೊರೆಯಾಗಿ ಬಂದರೆ ಕಾನೂನಿನ ಲೆಕ್ಕದಲ್ಲಿ ಅದು ಪಡೆದವರ ಆದಾಯವಾಗಬಹುದು. ಸಂಸ್ಥೆಯೇ ಆಸ್ಪತ್ರೆಗೋ ಔಷಧಿ ಅಂಗಡಿಗೋ ನೇರವಾಗಿ ಪಾವತಿಸಿದರೆ ರಸೀದಿಯೂ ಉಳಿಯುತ್ತದೆ, ಅನುಮಾನವೂ ಹುಟ್ಟುವುದಿಲ್ಲ.

ಕೂಡಿಸಿದ ಹಣ ಸಂಸ್ಥೆಯಲ್ಲಿದ್ದರೆ ಬಾಳಿಕೆ ಬರುತ್ತದೆ ಎಂಬುದಕ್ಕೆ ಮುಳಬಾಗಿಲಿನವರಿಗೆ ದೂರದ ಉದಾಹರಣೆ ಬೇಡ. ಅಲ್ಲೇ ಹುಟ್ಟಿದ ಡಿ.ವಿ. ಗುಂಡಪ್ಪನವರಿಗೆ 1970ರಲ್ಲಿ ಸಾರ್ವಜನಿಕರು ಗೌರವ ನಿಧಿ ಅರ್ಪಿಸಿದಾಗ ಅವರು ಅದನ್ನು ಮನೆಗೆ ಒಯ್ಯದೆ, ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಬೆಂಗಳೂರಿನ ಬಸವನಗುಡಿಯಲ್ಲಿ ಆ ಸಂಸ್ಥೆ ಇವತ್ತಿಗೂ ನಡೆಯುತ್ತಿದೆ.

ದುಡ್ಡಿಗಾಗಿ ಓದಿದರೆ ಓದಿನ ರುಚಿ ಕೆಡುವುದಿಲ್ಲವೇ?

ಇದು ಪೋಷಕರು ಕೇಳುವ ನ್ಯಾಯವಾದ ಪ್ರಶ್ನೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ 'ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಕೆಲವು ದಿನಗಳ ಮೇಲೆ ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುವ ಹೊತ್ತು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೇ ಕೊಟ್ಟ ಪ್ರಶಸ್ತಿಯಿಂದ ಈ ಕೆಡುಕು ಆಗಲಿಲ್ಲ. ಮೊದಲೇ ಗೊತ್ತಿರುವ ಬಹುಮಾನ ಆಟವನ್ನು ಕೂಲಿಯನ್ನಾಗಿ ಮಾಡುತ್ತದೆ.

ರೀಡಥಾನಿನಲ್ಲಿ ಹಣ ಮಗುವಿನ ಜೇಬಿಗೆ ಹೋಗುವುದಿಲ್ಲ, ಹಾಗಾಗಿ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಅತಿ ಹೆಚ್ಚು ಹಣ ತಂದವರಿಗೆ ಸೈಕಲ್ಲು ಎಂದು ಸಾರಿದರೆ ಅದೇ ಗುಂಡಿಗೆ ಬೀಳುತ್ತೇವೆ. ಜೊತೆಗೆ, ಅಪ್ಪ ಟೊಮೆಟೊ ಮಂಡಿಯ ಮಾಲೀಕನಾದ ಮಗುವಿಗೂ ಅದೇ ಮಂಡಿಯ ಹಮಾಲಿಯ ಮಗುವಿಗೂ ಪೈಪೋಟಿ ಹಚ್ಚಿದಂತಾಗುತ್ತದೆ. ಯಾರು ಎಷ್ಟು ತಂದರು ಎಂಬುದನ್ನು ಹಲಗೆಯ ಮೇಲೆ ಬರೆಯಬಾರದು. ಇಡೀ ತರಗತಿ ಸೇರಿ ಎಷ್ಟು ಪುಟ ಓದಿತು ಎಂದು ಬರೆದರೆ ಸಾಕು. ದಾನಿಗಳು ಮನೆಯವರು, ಪರಿಚಯದವರು ಮಾತ್ರ ಆಗಿರಬೇಕು. ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳ ಕೈಗೆ ಡಬ್ಬಿ ಕೊಟ್ಟು ನಿಲ್ಲಿಸುವುದು ಓದಿನ ಅಭಿಯಾನವಲ್ಲ.

ಪುಸ್ತಕಕ್ಕೆ ಖರ್ಚು ಮಾಡಬೇಕಿಲ್ಲ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಈ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಮಾಲೂರು ತಾಲ್ಲೂಕಿನ ಮಕ್ಕಳು ತಮ್ಮದೇ ತಾಲ್ಲೂಕಿನ ಮಾಸ್ತಿಯವರ ಸಣ್ಣಕಥೆಗಳಿಂದ ಶುರು ಮಾಡಬಹುದು. ಗಡಿಯ ಹಳ್ಳಿಗಳಲ್ಲಿ ಮನೆಮಾತು ತೆಲುಗಾದ ಮಕ್ಕಳೂ ಇರುತ್ತಾರೆ, ಅವರು ತೆಲುಗು ಪುಸ್ತಕ ಓದಿದರೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ ಫಾರಂನಲ್ಲಿ ಇರಬೇಕಾದ ಒಂದು ಕಾಲಂ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಕಣ್ಣಿನ ನರ ಉರಿಗೊಂಡವರಿಗೆ, ಸುಸ್ತಿನಿಂದ ಅಕ್ಷರ ಹಿಡಿಯಲಾಗದವರಿಗೆ ಓದು ಕೈತಪ್ಪಿರುತ್ತದೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಸುಕಾದ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಮಗು ಮನೆಯಲ್ಲಿ ಅಂಥವರಿಗೆ ಗಟ್ಟಿಯಾಗಿ ಓದಿ ಹೇಳಿದ ಪುಟಗಳನ್ನೂ ಎಣಿಸಬೇಕು. ಆ ಪುಟಗಳ ಕೆಳಗೆ ಮೇಷ್ಟ್ರ ಸಹಿ ಬೇಡ, ಕೇಳಿಸಿಕೊಂಡವರ ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ಸಾಕು.